ಹೊಟ್ಟೆಯಿಂದ ಚಿತ್ರಕ್ಕೆ: ಪ್ರಾಚೀನ ಕಡಲ ಸರೀಸೃಪಗಳ ಬೇಟೆ ಮತ್ತು ಊಟವನ್ನು ಚಿತ್ರಿಸುವ ಸಮಗ್ರ ಮಾರ್ಗದರ್ಶಿ

1830ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿ ಹೆನ್ರಿ ಡಿ ಲಾ ಬೆಷ್ ಜಲವರ್ಣದಲ್ಲಿ ‘ಡ್ಯೂರಿಯಾ ಆಂಟಿಕ್ವಿಯರ್’ ಎಂಬ ಚಿತ್ರವನ್ನು ರಚಿಸಿದರು. ಡಾರ್ಸೆಟ್ ತೀರದ ಲೈಮ್ ರೀಜಿಸ್‌ನಲ್ಲಿ ಮೇರಿ ಆ್ಯನಿಂಗ್ ಬಂಡೆ ಕಡಿದು ಹೊರತೆಗೆದಿದ್ದ ಪಳೆಯುಳಿಕೆಗಳೇ ಅದಕ್ಕೆ ಆಧಾರವಾಗಿದ್ದವು. ಚಿತ್ರದ ಕಲ್ಲಚ್ಚಿನ ಪ್ರತಿಗಳನ್ನು ಮಾರಿ ಬಂದ ಹಣವೂ ಆಕೆಯ ನೆರವಿಗೇ ಹೋಯಿತು. ಚಿತ್ರದ ನಡುವೆ ಡಾಲ್ಫಿನ್ನನ್ನು ಹೋಲುವ ಕಡಲ ಸರೀಸೃಪವಾದ ದೊಡ್ಡದೊಂದು ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎಂಬ ಇನ್ನೊಂದು ಸರೀಸೃಪದ ಉದ್ದನೆಯ ಕತ್ತನ್ನು ಕಚ್ಚಿ ಹಿಡಿದಿದೆ, ಮತ್ತು ಕಚ್ಚಿಸಿಕೊಂಡ ಪ್ರಾಣಿ ಪ್ರಾಣಭಯದಲ್ಲಿ ಮಲ ವಿಸರ್ಜಿಸುತ್ತಿದೆ. ಆ ಮಲವನ್ನು ಚಿತ್ರಕಾರರು ಸುಮ್ಮನೆ ಸೇರಿಸಿದ್ದಲ್ಲ. ಅದರ ಹಿಂದಿನ ವರ್ಷವಷ್ಟೇ ವಿಲಿಯಂ ಬಕ್‌ಲ್ಯಾಂಡ್, ಲೈಮ್‌ನ ಬಂಡೆಗಳಲ್ಲಿ ಸಿಗುತ್ತಿದ್ದ ವಿಚಿತ್ರ ಉಂಡೆಗಳು ಕಲ್ಲಾಗಿ ಉಳಿದ ಮಲವೆಂದು ವಾದಿಸಿ, ಅವುಗಳಿಗೆ ಕೊಪ್ರೊಲೈಟ್ ಎಂಬ ಹೆಸರಿಟ್ಟು, ಒಳಗಿದ್ದ ಮೀನಿನ ಹುರುಪೆ ಮತ್ತು ಎಲುಬುಗಳನ್ನು ಗುರುತಿಸಿದ್ದರು. ಯಾರು ಯಾರನ್ನು ತಿಂದರು ಎಂಬ ಪ್ರಶ್ನೆಗೆ ಕೈಯಲ್ಲಿ ಹಿಡಿಯಬಹುದಾದ ಉತ್ತರ ಸಿಕ್ಕಿತ್ತು, ಮತ್ತು ಅದು ನೇರವಾಗಿ ಚಿತ್ರದೊಳಗೆ ಬಂದಿತ್ತು.

ಅಂದಿನಿಂದ ಇಂದಿನವರೆಗೆ ಈ ಪ್ರಾಣಿಗಳ ಸಾವಿರಾರು ಚಿತ್ರಗಳು ಬಂದಿವೆ. ಬಹುಪಾಲು ಚಿತ್ರಗಳಲ್ಲಿ ಇರುವುದು ನೋಡುಗನತ್ತ ತೆರೆದ ಬಾಯಿ ಮತ್ತು ಸಾಲು ಹಲ್ಲು ಮಾತ್ರ. ಆ ಬಾಯಿ ಏನನ್ನು ತಿನ್ನುತ್ತಿತ್ತು, ಹೇಗೆ ತಿನ್ನುತ್ತಿತ್ತು ಎಂಬುದು ಅವುಗಳಲ್ಲಿ ಕಾಣುವುದಿಲ್ಲ. ಚಿತ್ರಕಾರ ಹಲ್ಲಿನಿಂದ ಆರಂಭಿಸಬಾರದು, ಹೊಟ್ಟೆಯಿಂದ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ವಿಧಾನವನ್ನು ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಹಂತ ಹಂತವಾಗಿ ವಿವರಿಸಿದ್ದೇನೆ: ಸುಮಾರು 8 ಕೋಟಿ ವರ್ಷಗಳ ಹಿಂದಿನ ಉತ್ತರ ಅಮೆರಿಕದ ಒಳಸಮುದ್ರದಲ್ಲಿ ಟೈಲೋಸಾರಸ್ ಎಂಬ ಮೋಸಾಸಾರ್ (ಹಾವು, ಉಡಗಳ ಬಂಧುವಾದ ಕಡಲ ಸರೀಸೃಪ), ಹೆಸ್ಪೆರೋರ್ನಿಸ್ ಎಂಬ ಹಾರಲಾರದ ಹಕ್ಕಿಯನ್ನು ನುಂಗುವ ದೃಶ್ಯ. ಪೆನ್ಸಿಲ್, ಟ್ರೇಸಿಂಗ್ ಹಾಳೆ ಮತ್ತು ಜಲವರ್ಣ ಇದ್ದರೆ ಸಾಕು. ಟ್ಯಾಬ್ಲೆಟ್‌ನಲ್ಲಿ ಚಿತ್ರಿಸುವವರು ಟ್ರೇಸಿಂಗ್ ಹಾಳೆಯ ಬದಲು ಲೇಯರ್‌ಗಳನ್ನು ಬಳಸಬಹುದು.

ಹಂತ 1: ಪ್ರಾಣಿ, ಸ್ಥಳ ಮತ್ತು ಕಾಲವನ್ನು ಒಟ್ಟಿಗೆ ನಿಗದಿಪಡಿಸಿ

ಮೊದಲು ಹಾಳೆಯ ಮೂಲೆಯಲ್ಲಿ ಮೂರು ಸಾಲು ಬರೆಯಿರಿ: ಯಾವ ಪ್ರಾಣಿ, ಯಾವ ಶಿಲಾಸ್ತರ, ಎಷ್ಟು ವರ್ಷಗಳ ಹಿಂದೆ. ಕಡಲ ಸರೀಸೃಪಗಳ ಯುಗ ಸುಮಾರು 25 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 6.6 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಈ ಅವಧಿ ಎಷ್ಟು ದೀರ್ಘವೆಂದರೆ, ಜನಪ್ರಿಯ ಚಿತ್ರಗಳಲ್ಲಿ ಒಂದೇ ಅಲೆಯಡಿ ಕಾಣಿಸುವ ಪ್ರಾಣಿಗಳಲ್ಲಿ ಹಲವು ಪರಸ್ಪರ ಭೇಟಿಯಾಗಿರಲು ಸಾಧ್ಯವೇ ಇಲ್ಲ. ಇಕ್ತಿಯೋಸಾರ್‌ಗಳು ಸುಮಾರು 9 ಕೋಟಿ ವರ್ಷಗಳ ಹಿಂದೆಯೇ ಅಳಿದವು. ದೈತ್ಯ ಮೋಸಾಸಾರ್‌ಗಳು ಕಡಲನ್ನು ಆಳಿದ್ದು ಆನಂತರ. ಇವೆರಡರ ಕಾಳಗವನ್ನು ಚಿತ್ರಿಸಿದರೆ ಕುಂಚದ ಕೆಲಸ ಎಷ್ಟೇ ಸೊಗಸಾಗಿದ್ದರೂ ಚಿತ್ರ ಸುಳ್ಳಾಗುತ್ತದೆ.

ನಮ್ಮ ಉದಾಹರಣೆಯ ಸ್ಥಳ ಉತ್ತರ ಅಮೆರಿಕವನ್ನು ಉತ್ತರದ ಆರ್ಕ್‌ಟಿಕ್‌ನಿಂದ ದಕ್ಷಿಣದ ಮೆಕ್ಸಿಕೊ ಕೊಲ್ಲಿಯವರೆಗೆ ಸೀಳಿದ್ದ, ಹೆಚ್ಚು ಆಳವಿಲ್ಲದ ಒಳಸಮುದ್ರ. ಇಂದಿನ ಕ್ಯಾನ್ಸಸ್ ಮತ್ತು ದಕ್ಷಿಣ ಡಕೋಟಾ ರಾಜ್ಯಗಳ ಹುಲ್ಲುಗಾವಲುಗಳ ಕೆಳಗೆ ಅದರ ತಳದ ಕೆಸರು ಈಗ ಸುಣ್ಣಶಿಲೆಯಾಗಿ, ಕಪ್ಪು ಜೇಡಿಶಿಲೆಯಾಗಿ ಉಳಿದಿದೆ. ಈ ವಿವರ ಹಿನ್ನೆಲೆಯನ್ನು ನಿರ್ಧರಿಸುತ್ತದೆ. ತಳ ಮೆದುವಾದ ಕೆಸರಾಗಿದ್ದುದರಿಂದ ಅಲ್ಲಿ ಬಣ್ಣಬಣ್ಣದ ಹವಳದ ದಿಬ್ಬಗಳಿಗೆ ಜಾಗವಿಲ್ಲ. ಕ್ಯಾನ್ಸಸ್‌ನ ಸುಣ್ಣಶಿಲೆಯಲ್ಲಿ ಸಿಗುವುದು ಒಂದು ಮೀಟರಿಗೂ ಹೆಚ್ಚು ಅಗಲ ಬೆಳೆಯುತ್ತಿದ್ದ ಇನೊಸೆರಾಮಿಡ್ ಚಿಪ್ಪುಗಳು ಮತ್ತು ಅವುಗಳ ಮೇಲೆ ಅಂಟಿ ಬೆಳೆದ ಸಿಂಪಿಗಳು.

ಹಂತ 2: ಊಟದ ಪುರಾವೆಯನ್ನು ಸಂಗ್ರಹಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಹಾಗೂ ಬಹುತೇಕ ಚಿತ್ರಕಾರರು ಹಾರಿಹೋಗುವ ಹಂತ. ಪುರಾವೆಗಳಲ್ಲಿ ಒಂದು ಶ್ರೇಣಿ ಇದೆ. ಪ್ರಾಣಿಯ ಪಕ್ಕೆಲುಬುಗಳ ನಡುವೆ ಸಿಕ್ಕ ಹೊಟ್ಟೆಯ ಸಾಮಗ್ರಿಯೇ ಎಲ್ಲಕ್ಕಿಂತ ಬಲವಾದ ಸಾಕ್ಷಿ. ಕೊಪ್ರೊಲೈಟ್ ಊಟವನ್ನು ಹೇಳುತ್ತದೆಯಾದರೂ ಉಂಡವರು ಯಾರು ಎಂಬುದನ್ನು ಅಪರೂಪಕ್ಕಷ್ಟೇ ಖಚಿತವಾಗಿ ಹೇಳುತ್ತದೆ. ಎಲುಬಿನ ಮೇಲಿನ ಕಚ್ಚಿದ ಗುರುತು ದಾಳಿಯನ್ನು ತೋರಿಸುತ್ತದೆ. ಗಾಯ ಮಾಗಿದ್ದರೆ ಬೇಟೆ ತಪ್ಪಿಸಿಕೊಂಡಿತೆಂಬುದನ್ನೂ ತಿಳಿಸುತ್ತದೆ. ಹಲ್ಲಿನ ಆಕಾರ ಕೇವಲ ಸಾಧ್ಯತೆಗಳನ್ನು ಸೂಚಿಸುತ್ತದೆ. ನಿಮ್ಮ ದೃಶ್ಯ ಈ ಶ್ರೇಣಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆರಂಭದಲ್ಲೇ ಅರಿತಿರಬೇಕು.

ನಮ್ಮ ಟೈಲೋಸಾರಸ್‌ಗೆ ಬಲವಾದ ಸಾಕ್ಷಿಯೇ ಇದೆ. ದಕ್ಷಿಣ ಡಕೋಟಾದಲ್ಲಿ ದೊರೆತು 1987ರಲ್ಲಿ ವಿವರಿಸಲಾದ ಒಂದು ಟೈಲೋಸಾರಸ್‌ನ ಒಡಲಿನಲ್ಲಿ ಹೆಸ್ಪೆರೋರ್ನಿಸ್ ಹಕ್ಕಿ, ಎಲುಬುಮೀನು, ಶಾರ್ಕ್ ಮತ್ತು ಚಿಕ್ಕದೊಂದು ಮೋಸಾಸಾರ್‌ನ ಅವಶೇಷಗಳು ಒಟ್ಟಿಗೆ ಸಿಕ್ಕಿವೆ. ಅದಕ್ಕೂ ಮುಂಚೆ, 1918ರಲ್ಲಿ, ಚಾರ್ಲ್ಸ್ ಸ್ಟರ್ನ್‌ಬರ್ಗ್ ಕ್ಯಾನ್ಸಸ್‌ನಲ್ಲಿ ಅಗೆದು ತೆಗೆದ ಟೈಲೋಸಾರಸ್‌ನೊಳಗೆ ಎಳೆಯ ಪ್ಲೀಸಿಯೋಸಾರ್‌ನ ಎಲುಬುಗಳಿದ್ದವು. ಸಿಕ್ಕಿದ್ದನ್ನೆಲ್ಲ ನುಂಗುತ್ತಿದ್ದ, ಬೇಟೆಯನ್ನು ಒಂದೇ ಬಗೆಗೆ ಸೀಮಿತಗೊಳಿಸಿಕೊಳ್ಳದ ಪ್ರಾಣಿಯ ಸ್ವಭಾವ ಈ ಎರಡು ಹೊಟ್ಟೆಗಳಿಂದಲೇ ತಿಳಿಯುತ್ತದೆ.

ಬೇರೆ ಪ್ರಾಣಿಗಳನ್ನು ಆರಿಸಿಕೊಳ್ಳುವವರಿಗೂ ಇಂಥ ಸಾಕ್ಷಿಗಳಿಗೆ ಕೊರತೆಯಿಲ್ಲ. ಇಕ್ತಿಯೋಸಾರ್‌ಗಳ ಹೊಟ್ಟೆಯಲ್ಲಿ ಬೊಂಡಾಸದಂಥ ಜೀವಿಗಳ ತೋಳುಗಳಲ್ಲಿದ್ದ ಸಣ್ಣ ಕೊಕ್ಕೆಗಳು ರಾಶಿಯಾಗಿ ಸಿಕ್ಕಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂದು ಇಕ್ತಿಯೋಸಾರ್ ಆಮೆಮರಿಗಳನ್ನೂ ಹಕ್ಕಿಯನ್ನೂ ತಿಂದಿತ್ತು. ಉದ್ದ ಕತ್ತಿನ ಪ್ಲೀಸಿಯೋಸಾರ್‌ಗಳು ಮೀನನ್ನು ಮಾತ್ರ ಹಿಡಿಯುತ್ತಿದ್ದವು ಎಂಬ ನಂಬಿಕೆಯನ್ನೂ ಅದೇ ಕ್ವೀನ್ಸ್‌ಲ್ಯಾಂಡ್‌ನ ಎರಡು ಪಳೆಯುಳಿಕೆಗಳು ಅಲುಗಿಸಿದವು: 2005ರಲ್ಲಿ ಪ್ರಕಟವಾದಂತೆ, ಅವುಗಳ ಹೊಟ್ಟೆಯಲ್ಲಿ ಕಡಲತಳದ ಚಿಪ್ಪುಜೀವಿಗಳೂ ಏಡಿವರ್ಗದ ಜೀವಿಗಳೂ ಇದ್ದವು. ಚೀನಾದ ಗುಯಿಝೌ ಪ್ರಾಂತ್ಯದಿಂದ 2020ರಲ್ಲಿ ವರದಿಯಾದ ಪ್ರಕರಣ ಇನ್ನೂ ಆಶ್ಚರ್ಯಕರವಾಗಿದೆ. ಸುಮಾರು 5 ಮೀಟರ್ ಉದ್ದದ ಇಕ್ತಿಯೋಸಾರ್ ಒಂದರ ಹೊಟ್ಟೆಯಲ್ಲಿ, ಬದುಕಿದ್ದಾಗ ಸುಮಾರು 4 ಮೀಟರ್ ಉದ್ದವಿದ್ದ ಇನ್ನೊಂದು ಸರೀಸೃಪದ ನಡುಭಾಗವಿತ್ತು. ಆ ಇಕ್ತಿಯೋಸಾರ್‌ನ ಹಲ್ಲುಗಳಾದರೋ ಮೊಂಡು. ಅವುಗಳನ್ನಷ್ಟೇ ನೋಡಿದವರು ಇಷ್ಟು ದೊಡ್ಡ ಬೇಟೆಯನ್ನು ಊಹಿಸುತ್ತಿರಲಿಲ್ಲ. ಹಲ್ಲಿಗಿಂತ ಹೊಟ್ಟೆಯನ್ನು ನಂಬಬೇಕೆಂದು ನಾನು ಒತ್ತಿ ಹೇಳುವುದು ಇಂಥ ಕಾರಣಗಳಿಗಾಗಿಯೇ.

ಡಿ ಲಾ ಬೆಷ್‌ರ ಕತ್ತು ಕಚ್ಚುವ ದೃಶ್ಯಕ್ಕೂ ಈಗ ಒಂದು ದೂರದ ಸಮರ್ಥನೆ ಸಿಕ್ಕಿದೆ. ಟ್ಯಾನಿಸ್ಟ್ರೊಫಿಯಸ್ ಎಂಬ, ದೇಹಕ್ಕಿಂತಲೂ ಉದ್ದ ಕತ್ತಿದ್ದ ಟ್ರಯಾಸಿಕ್ ಕಾಲದ ಸರೀಸೃಪದ ಎರಡು ಪಳೆಯುಳಿಕೆಗಳನ್ನು ಪರಿಶೀಲಿಸಿದ ಸಂಶೋಧಕರು, ಅವೆರಡರ ಕತ್ತುಗಳೂ ಬೇಟೆಗಾರ ಪ್ರಾಣಿಯ ಕಡಿತದಿಂದಲೇ ತುಂಡಾಗಿದ್ದವೆಂದು 2023ರಲ್ಲಿ ತೋರಿಸಿದರು. ಪ್ರಾಣಿ ಬೇರೆ, ಕಾಲವೂ ಬೇರೆ. ಆದರೂ ಉದ್ದ ಕತ್ತು ಎಂಥ ದುರ್ಬಲ ಜಾಗವಾಗಿತ್ತು ಎಂಬುದನ್ನು 1830ರ ಚಿತ್ರಕಾರರು ಸರಿಯಾಗಿಯೇ ಊಹಿಸಿದ್ದರು.

ಹಂತ 3: ಹಲ್ಲು ಮತ್ತು ದವಡೆಯನ್ನು ಓದಿ

ಹೊಟ್ಟೆಯ ಸಾಕ್ಷಿ ಕೈಗೆ ಬಂದ ಮೇಲೆ ಹಲ್ಲಿನತ್ತ ಹೋಗಬಹುದು. 1987ರಲ್ಲಿ ಜೂಡಿ ಮಸಾರೆ ಈ ಪ್ರಾಣಿಗಳ ಹಲ್ಲುಗಳನ್ನು ಮಾಡುವ ಕೆಲಸದ ಮೇಲೆ ವಿಂಗಡಿಸಿದ ಅಧ್ಯಯನ ಇಂದಿಗೂ ಚಿತ್ರಕಾರರಿಗೆ ಉಪಯುಕ್ತ: ಸೂಜಿಯಂತೆ ಚುಚ್ಚುವ ಹಲ್ಲು, ಅಂಚಿನಿಂದ ಕೊಯ್ಯುವ ಹಲ್ಲು, ಗಟ್ಟಿ ಚಿಪ್ಪನ್ನು ಒಡೆಯುವ ಗುಂಡು ಹಲ್ಲು, ಮತ್ತು ಇವುಗಳ ನಡುವಿನ ಹಲವು ಬಗೆಗಳು. ಗ್ಲೋಬಿಡೆನ್ಸ್ ಎಂಬ ಮೋಸಾಸಾರ್‌ನ ಹಲ್ಲುಗಳು ಅಣಬೆಯ ತಲೆಯಂತೆ ದುಂಡಗಿದ್ದು, ಪ್ಲಾಕೋಡಸ್ ಎಂಬ ಇನ್ನೊಂದು ಕಡಲ ಸರೀಸೃಪದ ಅಂಗುಳದಲ್ಲಿ ಚಪ್ಪಟೆ ಹಲ್ಲುಗಳು ನೆಲಗಟ್ಟಿನಂತೆ ಜೋಡಿಸಿವೆ. ಇವುಗಳನ್ನು ಮೀನಿನ ಹಿಂಡನ್ನು ಬೆನ್ನಟ್ಟುವಂತೆ ಚಿತ್ರಿಸುವುದು ತಪ್ಪು.

ಟೈಲೋಸಾರಸ್‌ನ ಹಲ್ಲುಗಳು ದಪ್ಪನೆಯ ಶಂಕುಗಳು, ತುಸು ಹಿಂದಕ್ಕೆ ಬಾಗಿದವು. ಅವು ಹಿಡಿಯುವುದಕ್ಕೆ ಹೇಳಿಮಾಡಿಸಿದವು. ಮಾಂಸವನ್ನು ಅಚ್ಚುಕಟ್ಟಾಗಿ ಕೊಯ್ಯುವುದಕ್ಕೆ ಅಲ್ಲ. ಇದಕ್ಕಿಂತ ಮುಖ್ಯವಾದ ಎರಡು ಅಂಗಗಳನ್ನು ಚಿತ್ರಕಾರರು ಮರೆಯುತ್ತಾರೆ. ಮೊದಲನೆಯದಾಗಿ, ಮೋಸಾಸಾರ್‌ಗಳ ಅಂಗುಳದಲ್ಲಿ, ಬಾಯಿಯ ಒಳಗೆ ಹಿಂಬದಿಯಲ್ಲಿ, ಇನ್ನೊಂದು ಜೊತೆ ಹಲ್ಲಿನ ಸಾಲುಗಳಿವೆ. ಎರಡನೆಯದಾಗಿ, ಕೆಳದವಡೆಯ ಪ್ರತಿ ಬದಿಯಲ್ಲೂ ಮಧ್ಯದಲ್ಲಿ ಒಂದು ಕೀಲು ಇದೆ. ಅಂಗುಳದ ಹಲ್ಲುಗಳು ಬೇಟೆ ಹಿಂದಕ್ಕೆ ಜಾರದಂತೆ ತಡೆದು ನಿಲ್ಲಿಸುತ್ತಿದ್ದಾಗ ದವಡೆ ಅದನ್ನು ಹಂತಹಂತವಾಗಿ ಗಂಟಲಿನತ್ತ ದೂಡುತ್ತಿತ್ತು. ಕೇರೆ ಹಾವು ಕಪ್ಪೆಯನ್ನೋ ಇಲಿಯನ್ನೋ ನುಂಗುವುದನ್ನು ಗದ್ದೆಯ ಬದುವಿನಲ್ಲಿ ಕಂಡವರಿಗೆ ಈ ಚಲನೆ ಪರಿಚಿತವೇ. ಮೋಸಾಸಾರ್‌ಗಳು ಹಾವುಗಳಿಗೂ ಉಡಗಳಿಗೂ ಹತ್ತಿರದ ಬಂಧುಗಳಾದ್ದರಿಂದ ಈ ಹೋಲಿಕೆಗೆ ವಂಶದ ಬೆಂಬಲವೂ ಇದೆ. ಬಾಯಿ ತೆರೆದಿರುವಂತೆ ಚಿತ್ರಿಸುವುದಾದರೆ ಅಂಗುಳದ ಹಲ್ಲುಗಳನ್ನೂ ತುದಿ ಸೀಳಿದ ನಾಲಿಗೆಯನ್ನೂ ತೋರಿಸಿ.

ದವಡೆಯನ್ನು ಓದುವುದರಲ್ಲೂ ಎಡವಲು ಸಾಧ್ಯ ಎಂಬುದಕ್ಕೆ ಅಟೊಪೊಡೆಂಟೇಟಸ್ ಎಂಬ ಕಡಲ ಸರೀಸೃಪ ಒಳ್ಳೆಯ ಎಚ್ಚರಿಕೆ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಸಿಕ್ಕ ಇದನ್ನು 2014ರಲ್ಲಿ ವಿವರಿಸಿದಾಗ, ಇದರ ಮೂತಿ ಕೆಳಕ್ಕೆ ಬಾಗಿ, ನಡುವೆ ಜಿಪ್ಪಿನಂತೆ ಲಂಬವಾಗಿ ಸೀಳಿತ್ತೆಂದು ಭಾವಿಸಲಾಗಿತ್ತು. ಹಾಗೆಯೇ ಚಿತ್ರಗಳೂ ಬಂದವು. ಆ ತಲೆಬುರುಡೆ ಜಜ್ಜಿಹೋಗಿತ್ತು. 2016ರಲ್ಲಿ ಉತ್ತಮ ಮಾದರಿಗಳು ಪ್ರಕಟವಾದಾಗ, ಮೂತಿ ಸುತ್ತಿಗೆಯಂತೆ ಅಡ್ಡಡ್ಡ ಅಗಲವಾಗಿದ್ದು, ಪ್ರಾಣಿ ಕಡಲತಳದ ಪಾಚಿಯನ್ನು ಕೆರೆದು ತಿನ್ನುತ್ತಿತ್ತೆಂದು ತಿಳಿಯಿತು. ಒಂದೇ ಜಜ್ಜಿದ ಮಾದರಿಯ ಮೇಲೆ ನಿಂತ ಚಿತ್ರ ಎರಡೇ ವರ್ಷದಲ್ಲಿ ಹಳತಾಯಿತು.

ಹಂತ 4: ಅಳತೆ ಹಾಕಿ ಅಸ್ಥಿಪಂಜರವನ್ನು ಎಳೆಯಿರಿ

ಟೈಲೋಸಾರಸ್‌ನ ಅತಿ ದೊಡ್ಡ ಮಾದರಿಗಳು 12 ಮೀಟರ್ ಮುಟ್ಟುತ್ತವೆ. ನಮ್ಮ ಚಿತ್ರಕ್ಕೆ 9 ಮೀಟರಿನದನ್ನು ಇಟ್ಟುಕೊಳ್ಳೋಣ. ಎ3 ಹಾಳೆಯಲ್ಲಿ 1:30 ಪ್ರಮಾಣ ಹಿಡಿದರೆ ಇಡೀ ಪ್ರಾಣಿ 30 ಸೆಂಟಿಮೀಟರ್ ಆಗುತ್ತದೆ. ತಲೆ ದೇಹದ ಏಳು ಅಥವಾ ಎಂಟನೇ ಒಂದು ಭಾಗ, ಅಂದರೆ ಹಾಳೆಯ ಮೇಲೆ ಸುಮಾರು 4 ಸೆಂಟಿಮೀಟರ್. ಬಾಲವೇ ಹೆಚ್ಚುಕಡಿಮೆ ಅರ್ಧ ಉದ್ದ. ಹೆಸ್ಪೆರೋರ್ನಿಸ್ ಸುಮಾರು 1.8 ಮೀಟರ್ ಉದ್ದದ ಹಕ್ಕಿಯಾದ್ದರಿಂದ ಹಾಳೆಯ ಮೇಲೆ 6 ಸೆಂಟಿಮೀಟರ್ ಬರುತ್ತದೆ. ಅಂದರೆ ಬೇಟೆ ಬೇಟೆಗಾರನ ತಲೆಗಿಂತ ಉದ್ದವಿದೆ. ಈ ಒಂದು ಲೆಕ್ಕವೇ ದೃಶ್ಯದ ಸ್ವರೂಪವನ್ನು ಬದಲಿಸುತ್ತದೆ: ಇಂಥ ಹಕ್ಕಿಯನ್ನು ಒಂದೇ ತುತ್ತಿಗೆ ಬಾಯೊಳಗೆ ಹಾಕಿಕೊಳ್ಳಲು ಆಗುವುದಿಲ್ಲ, ತಿರುಗಿಸಿ ಉದ್ದುದ್ದಕ್ಕೆ ನುಂಗಬೇಕು. ಅಳತೆ ಹಾಕದೆ ಬಿಡಿಸಿದಾಗ ಬೇಟೆಗಾರ ಪ್ರಾಣಿ ತನಗೆ ತಾನೇ ದೊಡ್ಡದಾಗುತ್ತದೆ. 1999ರಲ್ಲಿ ಒಂದು ಪ್ರಸಿದ್ಧ ದೂರದರ್ಶನ ಸರಣಿ ಲಿಯೊಪ್ಲೂರೊಡಾನ್ ಎಂಬ ಪ್ಲಿಯೋಸಾರ್‌ಗೆ (ಪ್ಲೀಸಿಯೋಸಾರ್‌ಗಳ ಗಿಡ್ಡ ಕತ್ತಿನ ಬಂಧು) 25 ಮೀಟರ್ ಉದ್ದ ಕೊಟ್ಟಿತು. ಪಳೆಯುಳಿಕೆಗಳು ಒಪ್ಪುವುದು ಅದರ ಮೂರನೇ ಒಂದು ಭಾಗವನ್ನೂ ಮೀರದ ಉದ್ದವನ್ನು.

ಬೆನ್ನೆಲುಬನ್ನು ಒಂದೇ ಗೆರೆಯಲ್ಲಿ ಎಳೆದು ಅದರ ಮೇಲೆ ತಲೆಬುರುಡೆ, ಎದೆಗೂಡು, ನಾಲ್ಕು ಈಜುಗಾಲುಗಳನ್ನು ಕೂರಿಸಿ. ಮೋಸಾಸಾರ್‌ನ ಕತ್ತಿನಲ್ಲಿ 7 ಮಣಿಗಳಷ್ಟೇ ಇರುವುದರಿಂದ ತಲೆ ಹೆಚ್ಚು ಹೊರಳದು. ಈಜುವಾಗ ಬಾಲ ಅಕ್ಕಪಕ್ಕಕ್ಕೆ ಬೀಸುತ್ತದೆ. ತಿಮಿಂಗಿಲ ಮತ್ತು ಡಾಲ್ಫಿನ್‌ಗಳಂತೆ ಮೇಲೆ ಕೆಳಗೆ ಆಡುವುದಿಲ್ಲ. ಇಕ್ತಿಯೋಸಾರ್ ಡಾಲ್ಫಿನ್ನನ್ನು ಹೋಲುವುದರಿಂದ ಅದರ ಚಿತ್ರಗಳಲ್ಲಿ ಈ ತಪ್ಪು ಪದೇ ಪದೇ ನುಸುಳುತ್ತದೆ. ಟೈಲೋಸಾರಸ್‌ನ ಮೂತಿಯ ತುದಿ ಹಲ್ಲುಗಳನ್ನು ದಾಟಿ ಮುಂದಕ್ಕೆ ಚಾಚಿದ ಗಟ್ಟಿ ಎಲುಬಾಗಿರುತ್ತದೆ. ಈ ಮೊಂಡು ಮೂತಿ ಬಿಟ್ಟುಹೋದರೆ ಅದು ಯಾವುದೋ ಒಂದು ಮೋಸಾಸಾರ್ ಆಗುತ್ತದೆಯೇ ಹೊರತು ಟೈಲೋಸಾರಸ್ ಆಗುವುದಿಲ್ಲ.

ಪ್ಲೀಸಿಯೋಸಾರ್ ಆರಿಸಿದವರು ಇಲ್ಲಿ ಇನ್ನಷ್ಟು ಸಮಯ ಕೊಡಬೇಕು. ಎಲಾಸ್ಮೋಸಾರಸ್‌ನ ಕತ್ತಿನಲ್ಲಿ 72 ಮಣಿಗಳಿದ್ದವು. ಆ ಕತ್ತು ಎಷ್ಟು ನಂಬಲಾಗದಂತಿತ್ತೆಂದರೆ, ಎಡ್ವರ್ಡ್ ಕೋಪ್ ಅದನ್ನು ಮೊದಲು ವಿವರಿಸಿದಾಗ ತಲೆಯನ್ನು ಬಾಲದ ತುದಿಗೆ ಜೋಡಿಸಿದರು. 1870ರಲ್ಲಿ ಜೋಸೆಫ್ ಲೈಡಿ ಆ ತಪ್ಪನ್ನು ಎತ್ತಿ ತೋರಿಸಿದರು. ಮಣಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕತ್ತು ಹಾವಿನಂತೆ ಸುತ್ತಿಕೊಳ್ಳುತ್ತಿರಲಿಲ್ಲ, ಏಕೆಂದರೆ ಮಣಿಗಳು ಒಂದಕ್ಕೊಂದು ಬಿಗಿಯಾಗಿ ಕೂಡಿದ್ದವು. ಹಂಸದಂತೆ ಕತ್ತನ್ನು ನೀರಿನ ಮೇಲೆ ಎತ್ತಿ ಹಿಡಿದ ಹಳೆಯ ಚಿತ್ರಗಳ ಭಂಗಿಯನ್ನು ಕೈಬಿಡಿ. ಕತ್ತು ನೀರಿನೊಳಗೆ, ಹೆಚ್ಚುಕಡಿಮೆ ನೇರವಾಗಿ, ಮೃದುವಾದ ಬಾಗಿನೊಂದಿಗೆ ಚಾಚಿರಲಿ.

ಹಂತ 5: ಮಾಂಸ ಮತ್ತು ಚರ್ಮ

ಇಲ್ಲಿ ಒಂದು ಹಳೆಯ ಕಥೆಯನ್ನು ತಿಳಿದಿರಬೇಕು. 1890ರ ದಶಕದ ಕೊನೆಯಲ್ಲಿ ಸ್ಯಾಮ್ಯುಯೆಲ್ ವಿಲಿಸ್ಟನ್ ಕ್ಯಾನ್ಸಸ್‌ನ ಒಂದು ಮೋಸಾಸಾರ್‌ನ ಕತ್ತಿನ ಬಳಿ ಕಂಡ ರಚನೆಯನ್ನು ಬೆನ್ನಿನ ಮೇಲಿನ ಝಾಲರಿ ಎಂದು ತಿಳಿದರು. ಚಿತ್ರಕಾರ ಚಾರ್ಲ್ಸ್ ನೈಟ್ 1899ರಲ್ಲಿ ಟೈಲೋಸಾರಸ್‌ಗೆ ಆ ಝಾಲರಿಯನ್ನು ಸೊಗಸಾಗಿ ತೊಡಿಸಿದರು. ಅದು ನಿಜವಾಗಿ ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳಾಗಿತ್ತು. 1902ರಲ್ಲಿ ವಿಲಿಸ್ಟನ್ ತಾವೇ ತಿದ್ದಿಕೊಂಡರು. ಆದರೆ ಚಿತ್ರಕಾರರು ಒಬ್ಬರನ್ನೊಬ್ಬರು ನಕಲು ಮಾಡುತ್ತ ಹೋದುದರಿಂದ ಝಾಲರಿ ಮುಂದೆ ದಶಕಗಳ ಕಾಲ ಉಳಿಯಿತು. ಬೇರೆಯವರ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಚಿತ್ರಿಸಬೇಡಿ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಮೋಸಾಸಾರ್‌ನ ಬಾಲದ ತುದಿಯಲ್ಲಿ ಎಲುಬು ಕೆಳಕ್ಕೆ ಬಾಗಿ ಬಾಲರೆಕ್ಕೆಯ ಕೆಳಹಾಳೆಯೊಳಗೆ ಹೋಗುತ್ತದೆ. ಮೇಲಿನ ಹಾಳೆ ಬರೀ ಮೃದು ಅಂಗಾಂಶ. ಜೋರ್ಡಾನ್‌ನಲ್ಲಿ ಸಿಕ್ಕ, 2013ರಲ್ಲಿ ಪ್ರಕಟವಾದ ಪ್ರೊಗ್ನಾಥೊಡಾನ್ ಎಂಬ ಮೋಸಾಸಾರ್ ಆ ಮೇಲ್ಹಾಳೆಯ ಗುರುತನ್ನೇ ಉಳಿಸಿಕೊಂಡಿದೆ. ಇಕ್ತಿಯೋಸಾರ್‌ಗಳಲ್ಲಿ ಜರ್ಮನಿಯ ಹೋಲ್ಝ್‌ಮಾಡೆನ್‌ನ ಮಾದರಿಗಳು ಬೆನ್ನಿನ ರೆಕ್ಕೆಯನ್ನೂ ಅರ್ಧಚಂದ್ರದಂಥ ಬಾಲವನ್ನೂ 1890ರ ದಶಕದಲ್ಲೇ ತೋರಿಸಿಕೊಟ್ಟವು. ಅದಕ್ಕೂ ಮುಂಚೆ, 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ನಿಲ್ಲಿಸಿದ ಇಕ್ತಿಯೋಸಾರ್ ಶಿಲ್ಪಗಳಿಗೆ ಬೆನ್ನಿನ ರೆಕ್ಕೆ ಇಲ್ಲದಿರುವುದು ಈ ಕಾರಣಕ್ಕೇ.

ಟೈಲೋಸಾರಸ್‌ನ ಹುರುಪೆಗಳು ಕೆಲವೇ ಮಿಲಿಮೀಟರ್ ಗಾತ್ರದವು. 1:30 ಪ್ರಮಾಣದಲ್ಲಿ ಅವು ಕೂದಲೆಳೆಗಿಂತ ಹೆಚ್ಚಿನದಾಗುವುದಿಲ್ಲ, ಅಂದರೆ ಕಾಣಿಸುವುದೇ ಇಲ್ಲ. ಮೊಸಳೆಯ ಬೆನ್ನಿನ ಹಲಗೆಗಳನ್ನು ಇದರ ಮೇಲೆ ಹೊದಿಸಬೇಡಿ. ದೂರದಿಂದ ಮಾಸಲು ಹೊಳಪಿನ ನಯವಾದ ಚರ್ಮವಾಗಿಯೇ ತೋರಲಿ. ಪಕ್ಕೆಲುಬುಗಳು, ತಲೆಬುರುಡೆಯ ರಂಧ್ರಗಳು ಚರ್ಮದ ಮೇಲೆ ಎದ್ದು ಕಾಣದಂತೆ ಮಾಂಸ ತುಂಬಿ.

ಹಂತ 6: ಕ್ಷಣವನ್ನು ಆರಿಸಿ

ಬೇಟೆಗೆ ಮೂರು ಕ್ಷಣಗಳಿವೆ: ಸಮೀಪಿಸುವುದು, ಹಿಡಿಯುವುದು, ನುಂಗುವುದು. ಚಿತ್ರಕಾರರೆಲ್ಲ ಎರಡನೆಯದರತ್ತ ಓಡುತ್ತಾರೆ. ನನ್ನ ಸಲಹೆ ಮೂರನೆಯದು, ಏಕೆಂದರೆ ಪಳೆಯುಳಿಕೆ ನೇರವಾಗಿ ಸಾಕ್ಷಿ ಹೇಳುವುದು ಅದೊಂದಕ್ಕೇ. ಹೊಟ್ಟೆಯಲ್ಲಿ ಸಿಕ್ಕ ಹಕ್ಕಿಯನ್ನು ಟೈಲೋಸಾರಸ್ ಬೆನ್ನಟ್ಟಿ ಹಿಡಿಯಿತೋ, ಸತ್ತು ತೇಲುತ್ತಿದ್ದುದನ್ನು ಎತ್ತಿಕೊಂಡಿತೋ ಎಂಬುದನ್ನು ಎಲುಬುಗಳು ಹೇಳಲಾರವು. ನುಂಗಿತೆಂಬುದನ್ನು ಮಾತ್ರ ಹೇಳುತ್ತವೆ.

ನುಂಗುವ ಕ್ಷಣದಲ್ಲಿ ನಾಟಕೀಯತೆ ಕಡಿಮೆಯೆಂದು ಭಾವಿಸಬಾರದು. ಹಕ್ಕಿ ಅಡ್ಡವಾಗಿ ಸಿಕ್ಕಿಬಿದ್ದು, ತಲೆ ಒಂದು ಬದಿಗೆ, ಕಾಲುಗಳು ಇನ್ನೊಂದು ಬದಿಗೆ ಚಾಚಿವೆ. ಬೇಟೆಗಾರ ತಲೆಯನ್ನು ಕೊಡವಿ ಅದನ್ನು ಉದ್ದಕ್ಕೆ ತಿರುಗಿಸುತ್ತಿದೆ. ಒಂದು ಬದಿಯ ದವಡೆ ಸಡಿಲವಾಗಿ, ಇನ್ನೊಂದು ಬದಿ ಬಿಗಿಯಾಗಿದೆ. ಗಂಟಲಿನ ಚರ್ಮ ಉಬ್ಬಿದೆ. ರಂಗನತಿಟ್ಟಿನಲ್ಲಿ ಹಾವಕ್ಕಿ ಮೀನನ್ನು ಕೊಕ್ಕಿನಿಂದ ತಿವಿದು ಮೇಲೆ ಬಂದು, ಗಾಳಿಗೆಸೆದು, ತಲೆ ಮುಂದಾಗಿ ನುಂಗುವುದನ್ನು ಗಂಟೆಗಟ್ಟಲೆ ಕೂತು ರೇಖಿಸಿಕೊಂಡರೆ ಈ ತಿರುಗಿಸುವ ಚಲನೆ ಕೈಗೆ ಹತ್ತುತ್ತದೆ. ಪ್ರಾಣಿ ಬೇರೆಯಾದರೂ ಕೈಗಳಿಲ್ಲದವರು ಉದ್ದನೆಯ ಬೇಟೆಯನ್ನು ನುಂಗುವಾಗ ಎದುರಿಸುವ ತೊಡಕು ಒಂದೇ.

ಈ ಹಂತದಲ್ಲಿ ಅಂಗೈ ಅಗಲದ ಆರೇಳು ಕಿರುಚಿತ್ರಗಳನ್ನು ಗೀಚಿ, ಅವುಗಳಲ್ಲಿ ಒಂದನ್ನು ಆರಿಸಿ. ಮುಖ ನೇರವಾಗಿ ನೋಡುಗನ ಕಡೆಗಿರುವ ಕೋನವನ್ನು ಬಿಡಿ. ಮುಕ್ಕಾಲು ಪಾರ್ಶ್ವದ ನೋಟದಲ್ಲಿ ದವಡೆಯ ಕೀಲೂ ಹಕ್ಕಿಯ ಉದ್ದವೂ ಒಟ್ಟಿಗೆ ಕಾಣುತ್ತವೆ. ಕೋನ ಕಷ್ಟವೆನಿಸಿದರೆ ಗಣಪತಿ ಮಾಡುವ ಜೇಡಿಮಣ್ಣಿನಲ್ಲಿ ಗೇಣುದ್ದದ ಮಾದರಿಯನ್ನು ಮಾಡಿ, ಮೇಲಿನಿಂದ ದೀಪ ಹಿಡಿದು ನೆರಳನ್ನು ಗಮನಿಸಿ. ಇದು ಅರ್ಧ ದಿನದ ಕೆಲಸ, ಆದರೆ ಮುಂದೆ ಹಲವು ದಿನಗಳ ತಿದ್ದುಪಡಿಯನ್ನು ಉಳಿಸುತ್ತದೆ.

ಹಂತ 7: ಬೇಟೆಯನ್ನೂ ಅಷ್ಟೇ ಶ್ರದ್ಧೆಯಿಂದ ಚಿತ್ರಿಸಿ

ಹೆಸ್ಪೆರೋರ್ನಿಸ್‌ನ ರೆಕ್ಕೆಗಳು ನಾಮಮಾತ್ರಕ್ಕೆ ಉಳಿದ ಎಲುಬುಗಳು, ಕಾಲುಗಳು ದೇಹದ ತೀರಾ ಹಿಂಬದಿಯಲ್ಲಿದ್ದು, ಅದು ಅವುಗಳಿಂದಲೇ ಈಜುತ್ತಿತ್ತು, ಕೊಕ್ಕಿನಲ್ಲಿ ಹಲ್ಲುಗಳಿದ್ದವು. ನಮ್ಮ ಕೆರೆಗಳ ಗುಳುಮುಳುಕ ಇದೇ ಬಗೆಯಲ್ಲಿ ಕಾಲುಗಳನ್ನು ಹಿಂದಕ್ಕೆ ಬಡಿದು ಮುಳುಗುತ್ತದೆ, ಆದ್ದರಿಂದ ಕಾಲಿನ ಭಂಗಿಗೆ ಅದು ಒಳ್ಳೆಯ ಮಾದರಿ. ಪೆಂಗ್ವಿನ್‌ನಂತೆ ರೆಕ್ಕೆ ಬೀಸಿಸಬೇಡಿ.

ಈ ಹಕ್ಕಿ ಯಾವಾಗಲೂ ಸೋತಿತೆಂದೂ ಅಲ್ಲ. ದಕ್ಷಿಣ ಡಕೋಟಾದ ಒಂದು ಹೆಸ್ಪೆರೋರ್ನಿಸ್‌ನ ಕಾಲೆಲುಬಿನ ಮೇಲೆ ಹಲ್ಲಿನ ಗುರುತುಗಳಿದ್ದು ಅವು ಮಾಗಿವೆ. ಎಳೆಯ ಪ್ಲೀಸಿಯೋಸಾರ್ ಒಂದು ಅದನ್ನು ಕಚ್ಚಿತೆಂದೂ ಹಕ್ಕಿ ತಪ್ಪಿಸಿಕೊಂಡು ಬದುಕಿತೆಂದೂ 2016ರಲ್ಲಿ ಸಂಶೋಧಕರು ವಾದಿಸಿದರು. ಕೈತಪ್ಪಿದ ಬೇಟೆಯ ಚಿತ್ರ ಬಹಳ ಅಪರೂಪ. ಎರಡನೆಯ ಚಿತ್ರಕ್ಕೆ ಇದನ್ನು ಎತ್ತಿಡಿ.

ಹಂತ 8: ನೀರು ಮತ್ತು ಬೆಳಕು

ನೀರು ಮೊದಲು ಕೆಂಪನ್ನು ಹೀರಿಕೊಳ್ಳುತ್ತದೆ. ಮೇಲ್ಮೈಯಿಂದ ಹತ್ತು ಮೀಟರ್ ಇಳಿಯುವಷ್ಟರಲ್ಲಿ ರಕ್ತ ಕಡುಗೆಂಪಾಗಿ ತೋರದು, ಕಂದುಹಸಿರಾಗಿ ಕಪ್ಪಿಡುತ್ತದೆ. ಶಂಕುಹಲ್ಲು ಚುಚ್ಚುತ್ತದೆಯೇ ಹೊರತು ಸೀಳುವುದಿಲ್ಲವಾದ್ದರಿಂದ ಕೆಂಪು ಮೋಡ ಬೇಕಿಲ್ಲ. ಒಂದೆರಡು ತೆಳು ಎಳೆ ಸಾಕು, ಉದುರಿದ ಕೆಲವು ಗರಿಗಳು ಅದಕ್ಕಿಂತ ಹೆಚ್ಚು ಹೇಳುತ್ತವೆ. ಕೆಳಗಿನಿಂದ ನೋಡಿದಾಗ ಹೊರಗಿನ ಇಡೀ ಆಕಾಶ ಸುಮಾರು 97 ಡಿಗ್ರಿಯ ಬೆಳಕಿನ ವೃತ್ತವೊಂದರೊಳಗೆ ಕುಗ್ಗಿ ಕಾಣುತ್ತದೆ. ಅದರಾಚೆ ನೀರಿನ ಮೇಲ್ಮೈ ಕನ್ನಡಿಯಂತೆ ಆಳವನ್ನೇ ಪ್ರತಿಫಲಿಸುತ್ತದೆ. ಬಲೆಯಂತೆ ನಲಿಯುವ ಬಿಸಿಲಿನ ಗೆರೆಗಳು ಮೇಲ್ಮೈಗೆ ಹತ್ತಿರವಿರುವ ಬೆನ್ನಿನ ಮೇಲೆ ಮಾತ್ರ ಬೀಳಬೇಕು. ಕೆಸರು ತಳದ ಕಡಲಾದ್ದರಿಂದ ನೋಟ ಬೇಗ ಮಂಕಾಗಲಿ: 9 ಮೀಟರ್ ಪ್ರಾಣಿಯ ತಲೆ ಸ್ಪಷ್ಟವಾಗಿದ್ದು ಬಾಲದ ತುದಿ ಹಸಿರು ಮಬ್ಬಿನಲ್ಲಿ ಕರಗಿದರೆ ಗಾತ್ರದ ಅನುಭವ ತಾನಾಗಿ ಬರುತ್ತದೆ.

ಇವು ಗಾಳಿ ಉಸಿರಾಡುವ ಸರೀಸೃಪಗಳು. ಆದರೆ 19ನೇ ಶತಮಾನದ ಕೆಲವು ಚಿತ್ರಗಳಲ್ಲಿರುವಂತೆ ಇವು ತಿಮಿಂಗಿಲದ ಹಾಗೆ ನೀರಿನ ಕಾರಂಜಿ ಚಿಮ್ಮಿಸುತ್ತಿರಲಿಲ್ಲ. ಮೂಗಿನ ಹೊಳ್ಳೆಯಿಂದ ಒಂದೆರಡು ಗುಳ್ಳೆ ಏಳಬಹುದು, ಅಷ್ಟೆ.

ಹಂತ 9: ಬಣ್ಣ

ಬಣ್ಣ ಈಗ ಸಂಪೂರ್ಣ ಕಲ್ಪನೆಯ ವಿಷಯವಾಗಿ ಉಳಿದಿಲ್ಲ. 2014ರಲ್ಲಿ ಯೋಹಾನ್ ಲಿಂಡ್‌ಗ್ರೆನ್ ಮತ್ತು ಸಂಗಡಿಗರು ಒಂದು ಮೋಸಾಸಾರ್, ಒಂದು ಇಕ್ತಿಯೋಸಾರ್ ಮತ್ತು ಒಂದು ಪ್ರಾಚೀನ ಆಮೆಯ ಚರ್ಮದಲ್ಲಿ ಕಪ್ಪು ವರ್ಣಕದ ಕುರುಹನ್ನು ಗುರುತಿಸಿದರು. 2018ರಲ್ಲಿ ಹೋಲ್ಝ್‌ಮಾಡೆನ್‌ನ ಸ್ಟೆನೊಪ್ಟೆರಿಜಿಯಸ್ ಎಂಬ ಇಕ್ತಿಯೋಸಾರ್‌ನಲ್ಲಿ ಬೆನ್ನು ಗಾಢ, ಹೊಟ್ಟೆ ತಿಳಿಯಾಗಿದ್ದುದು ಕಂಡುಬಂತು. ಮೀನುಪೇಟೆಯಲ್ಲಿ ತಾಜಾ ಬಂಗುಡೆಯನ್ನು ಕೈಗೆತ್ತಿಕೊಂಡು ನೋಡಿ: ಮೇಲಿನಿಂದ ಉದ್ದುದ್ದ ಗೆರೆಗಳ ನೀಲಿಹಸಿರು, ಕೆಳಗಿನಿಂದ ಬೆಳ್ಳಿ. ಮೇಲಿನಿಂದ ನೋಡುವವರಿಗೆ ಆಳದ ಕತ್ತಲಲ್ಲಿ, ಕೆಳಗಿನಿಂದ ನೋಡುವವರಿಗೆ ಆಕಾಶದ ಬೆಳಕಿನಲ್ಲಿ ಮರೆಯಾಗುವ ಈ ಉಪಾಯವನ್ನೇ ಟೈಲೋಸಾರಸ್‌ಗೂ ಕೊಡಿ. ಕಾಗದದ ಮೇಲೆ ಮೊದಲು ತೆಳುವಾದ ನೀಲಿಹಸಿರನ್ನು ಇಡೀ ಹಾಳೆಗೆ ಹಚ್ಚಿ ಒಣಗಿಸಿ, ಪ್ರಾಣಿಯ ಬಣ್ಣವನ್ನು ಅದರ ಮೇಲೆ ಪದರ ಪದರವಾಗಿ ಕಟ್ಟಿ. ಆಗ ಪ್ರಾಣಿ ನೀರಿನ ಮೇಲೆ ಅಂಟಿಸಿದಂತೆ ತೋರದೆ ನೀರಿನೊಳಗೆ ಇರುತ್ತದೆ.

ಹಂತ 10: ಪರಿಶೀಲನೆ ಮತ್ತು ಅಡಿಬರಹ

ಮುಗಿದ ಚಿತ್ರವನ್ನು ಎರಡು ದಿನ ಮುಚ್ಚಿಟ್ಟು ಮತ್ತೆ ನೋಡಿ. ಬೇಟೆಯ ಉದ್ದ ಅಳತೆಗೆ ಸರಿಯಿದೆಯೇ, ಬಾಲ ಅಕ್ಕಪಕ್ಕಕ್ಕೆ ಬೀಸುತ್ತಿದೆಯೇ, ಆ ಶಿಲಾಸ್ತರದಲ್ಲಿ ಸಿಗದ ಯಾವುದಾದರೂ ಪ್ರಾಣಿ ಹಿನ್ನೆಲೆಗೆ ನುಸುಳಿದೆಯೇ ಎಂದು ಹುಡುಕಿ. ಬಳಿಕ ಅಡಿಬರಹ ಬರೆಯಿರಿ: ಪ್ರಾಣಿಗಳ ಹೆಸರು, ಸ್ಥಳ, ಕಾಲ, ಯಾವ ಪಳೆಯುಳಿಕೆಯ ಮೇಲೆ ದೃಶ್ಯ ನಿಂತಿದೆ, ಯಾವುದು ನಿಮ್ಮ ಊಹೆ. ನಮ್ಮ ಚಿತ್ರದಲ್ಲಿ ಹಕ್ಕಿಯನ್ನು ನುಂಗಿದ್ದು ಪುರಾವೆ. ಅದನ್ನು ಅಡ್ಡವಾಗಿ ಹಿಡಿದದ್ದು, ಹಕ್ಕಿಯ ಗರಿಯ ಬಣ್ಣ ಮತ್ತು ಆ ಮಧ್ಯಾಹ್ನದ ಬಿಸಿಲು ಊಹೆ. ಇದನ್ನು ಬರೆದಿಟ್ಟರೆ ಮುಂದೆ ನಿಮ್ಮ ಚಿತ್ರವನ್ನು ನೋಡಿ ಕಲಿಯುವವರು ಮತ್ತೊಂದು ಝಾಲರಿಯನ್ನು ನಕಲು ಮಾಡುವುದಿಲ್ಲ.

ಈ ವಿಧಾನ ಕೈಗೆ ಹತ್ತಿದ ಮೇಲೆ ಭಾರತದ ಕಡಲನ್ನು ಚಿತ್ರಿಸಲು ಮುಂದಾಗಿ. ಕರ್ನಾಟಕದ ಬಂಡೆಗಳು ಬಹುಪಾಲು ಇದಕ್ಕಿಂತ ಬಹಳ ಹಳೆಯವು, ಇಲ್ಲವೇ ಲಾವಾದಿಂದ ಆದವು, ಆದ್ದರಿಂದ ನಮ್ಮ ನೆಲದಡಿ ಇಂಥ ಕಡಲಿನ ಕುರುಹು ಅರಸಿ ಫಲವಿಲ್ಲ. ಆದರೆ ಗುಜರಾತಿನ ಕಛ್‌ನಲ್ಲಿ ಸುಮಾರು 15 ಕೋಟಿ ವರ್ಷ ಹಿಂದಿನ ಬಂಡೆಯಲ್ಲಿ ಹುದುಗಿದ್ದ, 5 ಮೀಟರಿಗೂ ಹೆಚ್ಚು ಉದ್ದವಿದ್ದಿರಬಹುದಾದ ಇಕ್ತಿಯೋಸಾರ್ ಒಂದರ ವಿವರ 2017ರಲ್ಲಿ ಪ್ರಕಟವಾಯಿತು. ಅದರ ಹಲ್ಲುಗಳ ಸವೆತವು ಗಟ್ಟಿಯಾದ ಬೇಟೆಯನ್ನು ಸೂಚಿಸುತ್ತದೆ, ಮತ್ತು ಕಛ್‌ನ ಅದೇ ಕಾಲದ ಬಂಡೆಗಳಲ್ಲಿ ಬೊಂಡಾಸದ ಚಿಪ್ಪುಳ್ಳ ಬಂಧುಗಳಾದ ಅಮ್ಮೊನೈಟ್‌ಗಳೂ ಬೆಲೆಮ್ನೈಟ್‌ಗಳೂ ಸಿಗುತ್ತವೆ. ಇಲ್ಲಿ ಹೊಟ್ಟೆಯ ಸಾಕ್ಷಿಯಿಲ್ಲದ ಕಾರಣ ಎರಡನೇ ಹಂತದ ಶ್ರೇಣಿಯಲ್ಲಿ ಈ ದೃಶ್ಯ ಕೆಳಗೇ ನಿಲ್ಲುತ್ತದೆ. ಅಡಿಬರಹದಲ್ಲಿ ಅದನ್ನೂ ಬರೆಯಿರಿ, ಮತ್ತು ಚಿತ್ರದಲ್ಲಿ ಬಾಯಿ ಮುಚ್ಚಿರಲಿ, ಒಡೆದ ಅಮ್ಮೊನೈಟ್ ಚಿಪ್ಪಿನ ಚೂರುಗಳು ದವಡೆಯಂಚಿನಿಂದ ಮೆಲ್ಲಗೆ ಕೆಳಕ್ಕೆ ಇಳಿಯುತ್ತಿರಲಿ.